ಅಂಗಡಿ ಲೆಕ್ಕಕ್ಕೂ ಮನೆಗೂ ಒಂದೇ ಲ್ಯಾಪ್‌ಟಾಪ್ ಸಾಕು, ಕಮ್ಮಿ ಬಜೆಟ್ಟಲ್ಲಿ ಏನೇನು ನೋಡ್ಬೇಕು?

ಟ್ಯಾಲಿ, ಜಿಎಸ್‌ಟಿ ಬಿಲ್ಲು, ಮಕ್ಕಳ ಆನ್‌ಲೈನ್ ಕ್ಲಾಸು ಇಷ್ಟೇ ಅಂದ್ರೆ 15.6 ಇಂಚಿಂದೇ ತಗೊಳಿ, ಸಾಮಾನ್ಯವಾಗಿ ಅದ್ರಲ್ಲಿ ನಂಬರ್ ಪ್ಯಾಡ್ ಬೇರೆಯಾಗಿ ಇರುತ್ತೆ, ಲೆಕ್ಕ ಹೊಡೆಯೋರಿಗೆ ಅದೇ ದೊಡ್ಡ ಉಪಕಾರ. ಪ್ರೊಸೆಸರ್ ಹೆಸರು ನೋಡಿ ಮಾತ್ರ ಯಾಮಾರ್ಬೇಡಿ. ರೈಜನ್ 5 7520ಯು ಅಂತ ಒಂದು ಬರುತ್ತೆ, 7000 ಸೀರೀಸ್ ಅಲ್ವಾ ಹೊಸದು ಅನ್ಸುತ್ತೆ, ಆದ್ರೆ ಒಳಗಿರೋದು 2019ರ ಜೆನ್ 2 ಡಿಸೈನು (ಮೂರನೇ ಅಂಕಿ 2 ಇದೆಯಲ್ಲ, ಅದೇ ಗುರುತು), ಮೇಲಾಗಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಜಾಸ್ತಿ ಮಾಡ್ಸೋಕಾಗಲ್ಲ. ಅದಕ್ಕಿಂತ 6 ಕೋರಿನ ಇಂಟೆಲ್ ಐ3 1215ಯು ಪ್ರೊಸೆಸರು, 8 ಜಿಬಿ ರ್‍ಯಾಮ್ ಜೊತೆ ಇನ್ನಷ್ಟು ರ್‍ಯಾಮ್ ಹಾಕೋಕೆ ಖಾಲಿ ಸ್ಲಾಟ್ ಇರೋ ಮಾಡೆಲ್ಲು ವಾಸಿ. ಫೈಲು ಇಡೋಕೆ 512 ಜಿಬಿ ಎಸ್‌ಎಸ್‌ಡಿ ಸಾಕು. ಸ್ಕ್ರೀನು ಐಪಿಎಸ್ಸೇ (ಪಕ್ಕದಿಂದ ನೋಡಿದ್ರೂ ಸರಿಯಾಗಿ ಕಾಣೋ ಥರದ್ದು) ಇರ್ಲಿ, ಟಿಎನ್ ಅನ್ನೋ ಥರದ್ದಾದ್ರೆ ಪಕ್ಕದಲ್ಲಿ ನಿಂತ ಗಿರಾಕಿಗೆ ಬಿಲ್ ಮಂಕಾಗಿ ಕಾಣುತ್ತೆ. ಟಚ್‌ಸ್ಕ್ರೀನಿಗೆ ನಾನಂತೂ ದುಡ್ಡು ಹಾಕಲ್ಲ.