ಊರಿನ ಶಾಸನ ತರಗತಿಗೆ ಬರಲಿ

ಪ್ರಶ್ನೆ: ಎಂಟನೇ ತರಗತಿಗೆ ನಮ್ಮ ತಾಲ್ಲೂಕಿನ ಶಾಸನವೊಂದನ್ನೇ ಪಾಠವಾಗಿಸಬೇಕು. ಎಲ್ಲಿ ಹುಡುಕಲಿ, ಹೇಗೆ ಕಲಿಸಲಿ?
– ಶಿಕ್ಷಕಿ, ಚಿಂತಾಮಣಿ

ಉತ್ತರ: ಗ್ರಂಥಾಲಯದಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ, ಜಿಲ್ಲಾವಾರು ಶಾಸನಗಳ ಸಂಪುಟಗಳಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೇಳಿ. ಚಿಂತಾಮಣಿ ಈಗಿರುವ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ; ರೈಸ್ ಕಾಲದಲ್ಲಿ ಊರು ಕೋಲಾರ ಜಿಲ್ಲೆಯಲ್ಲಿತ್ತು. ಆದ್ದರಿಂದ ಚಿಂತಾಮಣಿಯ ಶಾಸನಗಳು ಕೋಲಾರದ 10ನೇ ಸಂಪುಟದಲ್ಲಿವೆ. ಈಗಿನ ಜಿಲ್ಲೆಯ ಹೆಸರು ಹಿಡಿದು ಹುಡುಕಿದವರು ಬರಿಗೈಯಲ್ಲಿ ಬರುತ್ತಾರೆ.

ಎಂಟು–ಹತ್ತು ಸಾಲಿನ ದಾನಶಾಸನ ಸಾಕು. ಮೂಲಪಾಠದ ಪ್ರತಿಯನ್ನಷ್ಟೇ ಮೊದಲು ಕೊಡಿ. ಅನುವಾದ ಕೈಗೆ ಸಿಕ್ಕರೆ ಮಕ್ಕಳು ಮೂಲ ಓದುವುದೇ ಇಲ್ಲ. ಹಳಗನ್ನಡದ ಱ, ೞ ಅಕ್ಷರಗಳನ್ನು ಮುಂಚೆಯೇ ಹಲಗೆಯ ಮೇಲೆ ಬರೆದು ತೋರಿಸಿ. ‘ಗಾವುಂಡ’ ಇಂದಿನ ‘ಗೌಡ’ ಎಂಬುದನ್ನು ಅವರೇ ಕಂಡುಕೊಳ್ಳಲಿ. ಯಾರು ಕೊಟ್ಟರು, ಯಾರಿಗೆ, ಏನನ್ನು, ಏಕೆ ಎಂಬ ನಾಲ್ಕೇ ಪ್ರಶ್ನೆ ಕೇಳಿ. ಭೂಮಿಯ ಎಲ್ಲೆ ಹೇಳುವ ಶಾಸನವಾದರೆ ಇನ್ನೂ ಚೆನ್ನ: ಮೂಡಲು, ತೆಂಕಲು, ಪಡುವಲು, ಬಡಗಲು ನೋಡಿ ಮಕ್ಕಳು ನಕ್ಷೆ ಬಿಡಿಸಲಿ. ಕೆರೆ, ಹಳ್ಳದ ಹೆಸರು ಇಂದಿಗೂ ಉಳಿದಿರುವುದುಂಟು.

ಎಡವುವುದು ಕಾಲದ ಲೆಕ್ಕದಲ್ಲಿ. ಕ್ರಿ.ಶ. ವರ್ಷ ತಿಳಿಯಲು ಶಾಸನದ ಶಕವರ್ಷಕ್ಕೆ 78 ಕೂಡಿಸಿ; ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79. ಶಾಸನದ ಶಕಸಂಖ್ಯೆ ಮುಗಿದ ವರ್ಷದ್ದೋ ಆಗ ನಡೆಯುತ್ತಿದ್ದ ವರ್ಷದ್ದೋ ಎಂಬ ಗೊಂದಲವಿದ್ದರೆ ಸಂವತ್ಸರದ ಹೆಸರಿನೊಡನೆ ತಾಳೆ ನೋಡಿ.

ಕಲ್ಲನ್ನೇ ನೋಡಲು ಹೋದಾಗ ಅಕ್ಷರಗಳಿಗೆ ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದರೆ ಸವೆದ ಗೆರೆಯೂ ನೆರಳಲ್ಲಿ ಎದ್ದು ಕಾಣುತ್ತದೆ; ಬೆಳಗಿನ ಎಳೆಬಿಸಿಲಾದರೆ ಟಾರ್ಚೂ ಬೇಡ.