ಪ್ರತಿಕ್ರಿಯೆ: ಡಿಸೆಂಬರ್ 5ರಂದು ಹುಟ್ಟಿದವರ ರಾಶಿ ಬದಲಾಗಿದೆಯೇ?

ಡಿಸೆಂಬರ್ 5ರಂದು ಜನಿಸಿದ ನಿಮ್ಮ ಮಗಳ ರಾಶಿ ಇನ್ನು ಮುಂದೆ, ಹದಿಮೂರನೆಯ ರಾಶಿಯೆಂದು ಹೇಳಲಾಗುವ ‘ಉರಗಧರ’ (ಒಫಿಯುಕಸ್) ಆಗುತ್ತದೆಯೇ ಎಂದು ಕೇಳಿದ್ದೀರಿ, ಆಗುವುದಿಲ್ಲ. ನವೆಂಬರ್ 30ರ ಸುಮಾರಿನಿಂದ ಡಿಸೆಂಬರ್ 17ರ ಸುಮಾರಿನವರೆಗೆ ಸೂರ್ಯನು ಉರಗಧರ ನಕ್ಷತ್ರಪುಂಜವನ್ನು ಹಾದುಹೋಗುವುದು ನಿಜವೇ ಆದರೂ, ಪುಂಜಗಳ ಈಗಿನ ಗಡಿಗಳು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1928ರಲ್ಲಿ ಒಪ್ಪಿಕೊಂಡ, ಅಳತೆಯಲ್ಲಿ ಒಂದಕ್ಕೊಂದು ಸಮನಲ್ಲದ ಗಡಿಗಳು (ವೃಶ್ಚಿಕಕ್ಕೆ ಅದರಲ್ಲಿ ಒಂದು ವಾರವಷ್ಟೇ ದಕ್ಕಿದೆ, ಪಾಪ!). ರಾಶಿಯಾದರೋ ಕ್ರಾಂತಿವೃತ್ತವನ್ನು (ಆಕಾಶದಲ್ಲಿ ಸೂರ್ಯನು ವರ್ಷವಿಡೀ ಸಾಗುವಂತೆ ಕಾಣುವ ದಾರಿಯನ್ನು) 30 ಅಂಶಗಳಂತೆ ಹನ್ನೆರಡಾಗಿ ಭಾಗಿಸಿದ ಅಳತೆ. ನಮ್ಮ ಪಂಚಾಂಗದಲ್ಲಿ 27 ನಕ್ಷತ್ರಗಳ, ನಕ್ಷತ್ರಕ್ಕೆ ನಾಲ್ಕರಂತೆ, 108 ಪಾದಗಳು (ಕಾಲು ಭಾಗಗಳು) ರಾಶಿಗೆ ಒಂಬತ್ತರಂತೆ ಹಂಚಿಕೆಯಾಗಿರುವುದರಿಂದ, ಹದಿಮೂರನೆಯದನ್ನು ಸೇರಿಸಿದರೆ ಆ ಲೆಕ್ಕವೇ ಕೂಡುವುದಿಲ್ಲ. ಅಲ್ಲದೆ, ನಮ್ಮಲ್ಲಿ ಜನ್ಮರಾಶಿಯೆಂದರೆ ಸಾಮಾನ್ಯವಾಗಿ ಜನನಕಾಲದಲ್ಲಿ ಚಂದ್ರನಿದ್ದ ರಾಶಿ. ವರ್ಷ, ವೇಳೆ ತಿಳಿಯದೆ ಬರಿಯ ತಾರೀಖಿನಿಂದ ಅದನ್ನು ಹೇಳಲಾಗದು.