ಕಾರ್ಬನ್ ಹಾಕಿದ್ಮೇಲೆ ಹೊಳಪೇ ಹೋಯ್ತಾ?

ಪ್ರಶ್ನೆ: ಹರಿಹರದಲ್ಲಿ ನಮ್ಮದು ಸಣ್ಣ ನಿಕ್ಕಲ್ ಪ್ಲೇಟಿಂಗ್ ಶೆಡ್. ಪ್ಲೇಟಿಂಗ್ ಮಂಕಾಗಿತ್ತು, ಬಗ್ಗಿಸಿದರೆ ಚಕ್ಕೆ ಏಳುತ್ತಿತ್ತು. ಫಿಲ್ಟರ್‌ಗೆ ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹೀರುವ ಇದ್ದಿಲು) ಹಾಕಿ ಅಲ್ಲೇ ಬಿಟ್ಟೆವು. ಈಗ ಹೊಳಪೇ ಇಲ್ಲ, ಮೈಯೆಲ್ಲ ತರಿತರಿ. ನಕಲಿ ಮಾಲು ಕೊಟ್ಟರೇ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬೈಗುಳ ಮಾತ್ರ ಪ್ರತಿ ಸಲ ಅಂಗಡಿಯವನಿಗೆ. ಕಾರ್ಬನ್ ತನ್ನ ಕೆಲಸ ಮಾಡಿದೆ ಸ್ವಾಮಿ. ಒಂದು ಗ್ರಾಂ ಕಾರ್ಬನ್ನಿನ ಒಳತೂತುಗಳ ಗೋಡೆ 500ರಿಂದ 1500 ಚದರ ಮೀಟರ್ ಇರುತ್ತದೆ. ಎಣ್ಣೆ ಪಸೆ, ಕೆಟ್ಟುಹೋದ ಬ್ರೈಟ್ನರ್ (ಹೊಳಪಿಗೆ ಹಾಕುವ ರಾಸಾಯನಿಕ) ಎಲ್ಲ ಆ ಗೋಡೆಗೆ ಅಂಟುತ್ತವೆ. ನೀವು ದುಡ್ಡು ಸುರಿದು ಹಾಕಿದ ಹೊಸ ಬ್ರೈಟ್ನರೂ ಅಂಟುತ್ತದೆ. ಕಾರ್ಬನ್ನನ್ನು ಫಿಲ್ಟರ್‌ನಲ್ಲೇ ಬಿಟ್ಟರೆ ನೀವು ದಿನವೂ ಬ್ರೈಟ್ನರ್ ಹಾಕ್ತಾ ಇರಬೇಕು, ಅದು ತಿಂತಾ ಇರುತ್ತೆ.

ಬಾತನ್ನು, ಅಂದರೆ ಪ್ಲೇಟಿಂಗ್ ದ್ರಾವಣವನ್ನು, ಬೇರೆ ಟ್ಯಾಂಕಿಗೆ ತೆಗೆಯಿರಿ. ಸುಮಾರು 60 ಡಿಗ್ರಿಗೆ ಬಿಸಿ ಮಾಡಿ. ಲೀಟರಿಗೆ 2ರಿಂದ 4 ಗ್ರಾಂ ಪುಡಿ ಕಾರ್ಬನ್ ಹಾಕಿ, ಒಂದೆರಡು ಗಂಟೆ ಕಲಕಿ, ರಾತ್ರಿ ತಳಕ್ಕೆ ಕೂರಲು ಬಿಡಿ. ಪ್ಲೇಟಿಂಗ್‌ಗೆಂದೇ ಬರುವ ಪುಡಿ ತನ್ನಿ, ಅಗ್ಗದ್ದು ಬೇಡ. ಆಮೇಲೆ ಫಿಲ್ಟರ್ ಮಾಡಿ. ಸ್ವಲ್ಪ ದ್ರಾವಣವನ್ನು ಬಿಳಿ ಫಿಲ್ಟರ್ ಪೇಪರಿನಲ್ಲಿ ಸೋಸಿ ನೋಡಿ. ಬೂದು ಕಲೆ ಉಳಿದರೆ ಪುಡಿ ಇನ್ನೂ ದಾಟಿ ಬರುತ್ತಿದೆ ಎಂದರ್ಥ. ನಿಮ್ಮ ತರಿತರಿಗೂ ಬಹುಶಃ ಅದೇ ಕಾರಣ. ಕಲೆ ಬೀಳುವುದು ನಿಲ್ಲುವವರೆಗೂ ಬಾತನ್ನು ವಾಪಸ್ ತುಂಬಬೇಡಿ.

ಕೊನೆಗೆ ಹಲ್ ಸೆಲ್, ಅಂದರೆ ಪುಟ್ಟ ತೊಟ್ಟಿಯಲ್ಲಿ ಒಂದು ತಗಡಿಗೆ ಪ್ಲೇಟಿಂಗ್ ಮಾಡಿ ಬಾತನ್ನು ಪರೀಕ್ಷಿಸುವುದು. 267 ಮಿಲಿ ಬಾತ್, 2 ಆಂಪಿಯರ್, 5 ನಿಮಿಷ. ತಗಡು ನೋಡ್ಕೊಂಡು ಬ್ರೈಟ್ನರನ್ನು ಚೂರುಚೂರೇ ಸೇರಿಸಿ. ಕಣ್ಣಂದಾಜಿಗೆ ಸುರಿದರೆ ಚಕ್ಕೆ ಏಳೋದು ಮತ್ತೆ ಶುರು. ಹೊಳಪು ಬಂದರೂ ಮಾಲಿನ ಒಳಮೂಲೆಗಳು ಕಪ್ಪಾಗಿದ್ದರೆ ತಾಮ್ರವೋ ಸತುವೋ ಸೇರಿರಬಹುದು. ಅದು ಕಾರ್ಬನ್ನಿಗೆ ಬಗ್ಗಲ್ಲ. ಮಡಿಕೆ ತಗಡು ಇಳಿಬಿಟ್ಟು ಕಡಿಮೆ ಕರೆಂಟಿನಲ್ಲಿ ಡಮ್ಮಿ ಓಡಿಸಿ, ಅಂದರೆ ಆ ಲೋಹ ಮಾಲಿನ ಬದಲು ತಗಡಿಗೇ ಅಂಟಲಿ.

ಪ್ರಶ್ನೆ: ಚಳ್ಳಕೆರೆಯ ನಮ್ಮ ಮಿಲ್‌ನಲ್ಲಿ ಶೇಂಗಾ ಎಣ್ಣೆಯ ಹುಳಿ ಅಂಶ ಕಾರ್ಬನ್ನಿಂದ ಇಳಿಯುತ್ತಾ?

ಉತ್ತರ: ಇಲ್ಲ. ಅದಕ್ಕೆ ಕಾಸ್ಟಿಕ್ ಸೋಡಾ.

ಪ್ರಶ್ನೆ: ಚಿತ್ರದುರ್ಗದ ಕಡೆ ಬೋರ್ ನೀರಿನ ಫ್ಲೋರೈಡ್, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳು) ಕಾರ್ಬನ್ನಿಂದ ಇಳಿಯುತ್ತಾ?

ಉತ್ತರ: ಎರಡಕ್ಕೂ ಕಾರ್ಬನ್ ಫಿಲ್ಟರ್ ಉತ್ತರವಲ್ಲ. ಮೀಟರ್ ಅದ್ದಿ ತೋರಿಸಿ ಫಿಲ್ಟರ್ ಮಾರುವವನನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: ಹಳೇ ಕಾರ್ಬನ್ ಉಪ್ಪುನೀರಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಹೊಸದಾಗುತ್ತಂತೆ?

ಉತ್ತರ: ಹೀಗೆ ಹೇಳಿದವನು ಸಾಫ್ಟ್‌ನರ್ ರೆಸಿನ್ (ಗಡಸು ನೀರನ್ನು ಮೆದು ಮಾಡುವ ಹರಳು, ಅದನ್ನು ಉಪ್ಪುನೀರಲ್ಲಿ ತೊಳೀತಾರೆ) ಜೊತೆ ಕಲಸಿಕೊಂಡಿದ್ದಾನೆ. ಕಾರ್ಬನ್ನಿಗೆ ಮತ್ತೆ ಜೀವ ಬರಬೇಕಾದರೆ ಕುಲುಮೆಯಲ್ಲಿ 800 ಡಿಗ್ರಿ ಆಸುಪಾಸಿನ ಕಾವು, ಹಬೆ ಬೇಕು. ದಾವಣಗೆರೆ ಬಿಸಿಲು ಜೋರೇ, ಅಷ್ಟಿಲ್ಲ.

ಪ್ರಶ್ನೆ: ದೊಡ್ಡ ಫಿಲ್ಟರ್ ಟ್ಯಾಂಕಿಗೆ ಹುಡುಗನನ್ನು ಇಳಿಸಿ ಕಾರ್ಬನ್ ತೆಗೆಸಬಹುದಾ?

ಉತ್ತರ: ಬೇಡ. ಒದ್ದೆ ಕಾರ್ಬನ್ ಟ್ಯಾಂಕಿನೊಳಗಿನ ಗಾಳಿಯ ಆಮ್ಲಜನಕವನ್ನೇ ಹೀರುತ್ತದೆ. ವಾಸನೆ ಬರಲ್ಲ, ಕೆಮ್ಮು ಬರಲ್ಲ, ಇಳಿದವನು ಸೀದಾ ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ನೀರು ಬಿಟ್ಟು ಕೆಳಗಿನ ವಾಲ್ವಿನಿಂದ ಹೊರಗೆ ಹರಿಸಿ. ವಾಲ್ವ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಅಲ್ಲಿಯವರೆಗೆ ಹಳೇ ಕಾರ್ಬನ್ ಒಳಗೇ ಇರಲಿ.